ಎಲೆ ಮುಟ್ಟದ ಮಹಾಲಿಂಗಯ್ಯ

ಗುಬ್ಬಿ ಬಸ್ ನಿಲ್ದಾಣದಿಂದ ರೈಲ್ವೆ ಸ್ಟೇಷನ್ನಿನ ಕಡೆ ನಡೆದರೆ, ಬೇಕರಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಒಂದು ಸೈಕಲ್ ಅಂಗಡಿ ಸಿಗುತ್ತದೆ. ಎರಡು ಕೈ ಚಾಚಿದರೆ ಎರಡು ಗೋಡೆಯೂ ತಾಗುವಷ್ಟೇ ಅಗಲ. ಅದರೊಳಗೆ ಮಹಾಲಿಂಗಯ್ಯ ನಲವತ್ತು ವರ್ಷಗಳಿಂದ ಪಂಕ್ಚರ್ ಹಾಕುತ್ತಿದ್ದಾರೆ. ಈಗ ಅವರಿಗೆ ಅರವತ್ತೈದು. ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟು, ಬೆಳಗ್ಗೆ ಎಂಟಕ್ಕೆ ಷಟರ್ ಎತ್ತುತ್ತಾರೆ, ಸಂಜೆ ಏಳಕ್ಕೆ ಇಳಿಸುತ್ತಾರೆ. ನಡುವೆ ಮಾತು ಬಹಳ ಕಡಿಮೆ. ಟ್ಯೂಬನ್ನು ನೀರಿನ ಬಾಂಡ್ಲಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿಂದ ಏಳುತ್ತದೆ ಎಂದು ಕಾಯುವವರಿಗೆ ಮಾತಾಡಲು ಪುರುಸೊತ್ತಾದರೂ ಎಲ್ಲಿ?

ಈ ಮನುಷ್ಯ ಜೀವಮಾನದಲ್ಲಿ ಒಂದು ಸಲವೂ ಫುಟ್‌ಬಾಲ್ ಒದ್ದವರಲ್ಲ. ಅಂಗಡಿ ಇಟ್ಟ ಮೊದಲ ವರ್ಷ, ಕೋಲಾರದ ಗಣಿ ಕಡೆಯಿಂದ ಗುಬ್ಬಿ ಸ್ಟೇಷನ್ನಿಗೆ ವರ್ಗವಾಗಿ ಬಂದಿದ್ದ ರೈಲ್ವೆಯವರೊಬ್ಬರು ಗಾಳಿ ಹೋದ ಚೆಂಡೊಂದನ್ನು ತಂದು, "ಇದಕ್ಕೆ ಪ್ಯಾಚ್ ಹಾಕ್ತೀರಾ?" ಎಂದು ಕೇಳಿದ್ದರು. ಸೈಕಲ್ ಟ್ಯೂಬಿನ ಹಾಗೆಯೇ ಇರಬೇಕು ಎಂದುಕೊಂಡು ಮಹಾಲಿಂಗಯ್ಯ ಹೊಲಿಗೆ ಬಿಚ್ಚಿ, ಒಳಗಿನ ಬ್ಲಾಡರಿಗೆ ಪ್ಯಾಚ್ ಹಾಕಿಕೊಟ್ಟರು. ಹಾಕಿದ್ದು ನಿಲ್ಲುತ್ತದೋ ಇಲ್ಲವೋ ಎಂಬ ಅನುಮಾನ. ಆ ಸಂಜೆ ನೋಡಲೆಂದು ಮೈದಾನಕ್ಕೆ ಹೋದರು. ಪ್ಯಾಚ್ ನಿಂತಿತು. ಮಹಾಲಿಂಗಯ್ಯನೂ ಅಲ್ಲೇ ನಿಂತುಬಿಟ್ಟರು.

ಅಂದಿನಿಂದ ಗುಬ್ಬಿ ಗೆಳೆಯರ ಫುಟ್‌ಬಾಲ್ ಕ್ಲಬ್ಬಿನ ಊರಿನ ಮ್ಯಾಚುಗಳಲ್ಲಿ ಅವರು ತಪ್ಪಿಸಿಕೊಂಡದ್ದು ಒಂದೇ, ಮಗಳ ಹೆರಿಗೆಯ ದಿನದ್ದು. ಆ ದಿನ ಗೆಳೆಯರು ನಾಲ್ಕು ಗೋಲು ಹೊಡೆದು ಗೆದ್ದರು. "ಮಾಲಿಂಗಣ್ಣ, ನೀವು ಬರ್ದೇ ಇದ್ರೆ ನಮ್ಮೋರು ಗೆಲ್ತಾರೆ ಕಣಣ್ಣ" ಎಂದು ಊರು ಇವತ್ತಿಗೂ ಕಾಡಿಸುತ್ತದೆ. ಅವರು ನಗುತ್ತಾರೆ, ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲೇ ಪಂಪು ಹಿಡಿದು ಮೈದಾನದಲ್ಲಿ ಇರುತ್ತಾರೆ.

ಇದನ್ನೆಲ್ಲ ಪ್ರೇಮಲತಾ ಚಿಕ್ಕಂದಿನಿಂದ ಕಂಡವಳು. ಅವಳ ಅಪ್ಪ ಗೆಳೆಯರ ತಂಡದಲ್ಲಿ ಹಿಂದಿನ ಸಾಲಿನ ಆಟಗಾರರಾಗಿದ್ದರು. ಈಗ ಅವಳು ತುಮಕೂರಿನ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಜೊತೆಗೆ ಅಭಿಮಾನಿ ಬಳಗದ ಕಾರ್ಯದರ್ಶಿ. ಮಾಲಿಂಗಣ್ಣ ಎಂದರೆ ಅವಳ ಮಟ್ಟಿಗೆ ಮೈದಾನದ ಗೋಲು ಕಂಬಗಳ ಹಾಗೆ, ಇದ್ದೇ ಇರುವವರು. ಅವರ ಬಗ್ಗೆ ಪ್ರತ್ಯೇಕವಾಗಿ ಯೋಚಿಸಬೇಕು ಎಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ. ಕಳೆದ ವರ್ಷದ ಬೇಸಿಗೆಯಲ್ಲಿ ಅದು ಬದಲಾಯಿತು.

ಅದಕ್ಕೆ ಮೂರು ವರ್ಷದ ಹಿಂದೆ ಕ್ಲಬ್ಬಿನ ಹಳೆಯ ಕಮಿಟಿಯವರಿಗೆ ವಯಸ್ಸಾಗಿ, ಇನ್ನು ಕೈಲಾಗದು ಎಂದು ಅದನ್ನು ಕುಣಿಗಲ್ಲಿನ ನಾಗಭೂಷಣ್ ಅವರಿಗೆ ವಹಿಸಿಕೊಟ್ಟಿದ್ದರು. ನಾಗಭೂಷಣ್ ಲೇಔಟ್ ಮಾಡುವವರು. ದೊಡ್ಡ ಕಾರಿನಲ್ಲಿ ಬಂದರು, ಲೈಟು ಹಾಕಿಸುತ್ತೇನೆ, ಗ್ಯಾಲರಿ ಕಟ್ಟಿಸುತ್ತೇನೆ ಎಂದರು. ಊರಿನವರು ಹಾರ ಹಾಕಿ ತಮಟೆ ಬಡಿಸಿದರು. ತಮಟೆಯ ಸದ್ದು ಅಡಗುವ ಮೊದಲೇ ಕ್ಲಬ್ಬಿನ ಹೆಸರು ಎನ್.ಬಿ. ರಾಯಲ್ಸ್ ಆಯಿತು. ನೀಲಿ ಅಂಗಿ ಹೋಗಿ, ಎದೆಯ ಮೇಲೆ ಲೇಔಟಿನ ಜಾಹೀರಾತು ಹೊತ್ತ ಚಿನ್ನದ ಬಣ್ಣದ ಅಂಗಿ ಬಂತು. ಮೂರು ವರ್ಷದಲ್ಲಿ ಐದು ಜನ ಕೋಚ್‌ಗಳು ಬಂದು ಹೋದರು. ಗೋಲು ಹೊಡೆಯುವ ಹುಡುಗನನ್ನು ವಾಟ್ಸ್ಯಾಪಿನಲ್ಲೇ ತಂಡದಿಂದ ತೆಗೆದುಹಾಕಿದರು. ಒಮ್ಮೆ ಹೇಳಿದ ಬಸ್ಸು ಬಾರದೆ ತಂಡವೇ ತೆಂಗಿನಕಾಯಿ ಲಾರಿಯ ಮೇಲೆ ಕೂತು ತುಮಕೂರಿನ ಮ್ಯಾಚಿಗೆ ಹೋಗಬೇಕಾಯಿತು. ನಾಗಭೂಷಣ್ ವರ್ಷಕ್ಕೆರಡು ಸಲ ಬರುತ್ತಿದ್ದರು. ದೀಪ ಹಚ್ಚಿ, ಆಟಗಾರರ ಕೈ ಕುಲುಕಿ, ಫೋಟೋ ತೆಗೆಸಿಕೊಂಡು, ಅರ್ಧ ಆಟ ಮುಗಿಯುವ ಮೊದಲೇ ಹೊರಟುಬಿಡುತ್ತಿದ್ದರು.

ಬಳಗ ಹನ್ನೊಂದು ಪತ್ರ ಬರೆಯಿತು. ಬರೆಸಿದವರು ಅಧ್ಯಕ್ಷ ಶಿವರಾಮಯ್ಯ. ತಾಲ್ಲೂಕು ಕಚೇರಿಯಿಂದ ನಿವೃತ್ತರಾದವರು, ಬಹಳ ಬೇಗ ಸಿಟ್ಟಿಗೇಳುವವರು. ಬರೆದವಳು ಪ್ರೇಮಲತಾ. ಹನ್ನೊಂದಕ್ಕೂ ಉತ್ತರವಿಲ್ಲ. ಕೊನೆಗೆ ಕ್ಲಬ್ಬಿನ ಮ್ಯಾನೇಜರ್ ಶ್ರೀಕರ ಎಂಬ ಯುವಕ ಸಿಕ್ಕಿದಾಗ, "ಮೇಡಂ, ನಿಮ್ಮ ಫೀಡ್‌ಬ್ಯಾಕನ್ನ ನಾವು ತುಂಬಾ ವ್ಯಾಲ್ಯೂ ಮಾಡ್ತೀವಿ" ಎಂದ.

"ವ್ಯಾಲ್ಯೂ ಆಮೇಲೆ ಮಾಡಪ್ಪ, ಮೊದ್ಲು ಒಡೆದು ಓದು" ಎಂದರು ಶಿವರಾಮಯ್ಯ.

ಓದಿದನೋ ಇಲ್ಲವೋ. ಮಾರ್ಚಿನಲ್ಲಿ ಬಂದದ್ದು ಬೇರೆಯೇ ಸುದ್ದಿ. ಮುಂದಿನ ವರ್ಷದಿಂದ ಊರಿನ ಮ್ಯಾಚುಗಳೆಲ್ಲ ಕುಣಿಗಲ್ಲಿನ ಹೊಸ ಲೇಔಟಿನಲ್ಲಿ, ಪ್ಲಾಸ್ಟಿಕ್ ಹುಲ್ಲಿನ ಮೇಲೆ. ಗುಬ್ಬಿಗೆ ಇನ್ನು ಕ್ಲಬ್ಬಿಲ್ಲ.

ಮಹಾಲಿಂಗಯ್ಯನಿಗೆ ಈ ಸುದ್ದಿ ಹೇಳಿದವಳು ಪ್ರೇಮಲತಾ. ಅವರು ಕೈಯಲ್ಲಿದ್ದ ಟ್ಯೂಬನ್ನು ಬಾಂಡ್ಲಿಗೆ ಹಾಕಿದರು.

"ಭಾನುವಾರ ಬಂದ್ರೆ ನಾನೇನ್ ಮಾಡ್ಲವ್ವ?" ಎಂದರು ಆಮೇಲೆ. ಅವರ ಬಾಯಿಂದ ಅವಳು ಕೇಳಿದ ಮೊದಲ ಸಂಕಟದ ಮಾತು ಅದು.

ಏಪ್ರಿಲ್ಲಿನಲ್ಲಿ ನಾಗಭೂಷಣ್ ಅದೇ ಲೇಔಟಿನಲ್ಲಿ ಕಟ್ಟಿಸಿದ ಮನೆಯ ಗೃಹಪ್ರವೇಶ ಎಂದು ತಿಳಿಯಿತು. ಬಳಗ ಸಭೆ ಸೇರಿತು. ಮದುವೆಮನೆಗೆ ಹೋಗಿ ಗಲಾಟೆ ಮಾಡುವುದು ತಪ್ಪು, ಗೃಹಪ್ರವೇಶವಾದರೆ ಪರವಾಗಿಲ್ಲ ಎಂದು ತೀರ್ಮಾನವಾಯಿತು. ಊಟದ ಹೊತ್ತಿಗೆ ಯಜಮಾನರು ಎಲ್ಲೂ ಹೋಗಲಾರರು. ಗೇಟಿನ ಮುಂದೆ ನಿಂತು ಘೋಷಣೆ ಕೂಗುವುದು. ಫಲಕಗಳನ್ನು ಬರೆದರು. ಹೊರಡುವ ಬೆಳಗ್ಗೆ ಶಿವರಾಮಯ್ಯನವರ ಹೆಂಡತಿ ಒಂದು ದೊಡ್ಡ ಪೊಟ್ಟಣ ತಂದು ಟೆಂಪೊ ಒಳಗಿಟ್ಟರು.

"ಏನೇ ಇದು?"

"ಗೋಡೆ ಗಡಿಯಾರ. ಹೊಸ ಮನೆಗೆ ಬರಿಗೈಲಿ ಹೋಗ್ತಾರೇನ್ರೀ?"

"ನಾವು ಜಗಳಕ್ಕೆ ಹೋಗ್ತಿರೋದು ಕಣೇ!"

"ಜಗಳ ನಿಮ್ದು. ಮನೆಯೇನ್ ಮಾಡಿತ್ತು?"

ಇಪ್ಪತ್ತೆರಡು ಜನ ಹಳೆಯ ನೀಲಿ ಅಂಗಿ ತೊಟ್ಟು, ಫಲಕವನ್ನೂ ಗಡಿಯಾರವನ್ನೂ ಹೊತ್ತು, ಹನ್ನೆರಡೂವರೆಗೆ ಕುಣಿಗಲ್ ತಲುಪಿದರು. ಗೇಟಿನ ಹತ್ತಿರ ನಿಂತು ಶಿವರಾಮಯ್ಯ ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ರೇಷ್ಮೆ ಸೀರೆ ಉಟ್ಟ ಎಪ್ಪತ್ತೈದು ದಾಟಿದ ಒಬ್ಬ ಅಜ್ಜಿ ಬಿರಬಿರನೆ ಬಂದು ಅವರ ಕೈಯನ್ನೇ ಹಿಡಿದುಬಿಟ್ಟರು. ನಾಗಭೂಷಣ್ ಅವರ ತಾಯಿ, ದೊಡ್ಡಗಂಗಮ್ಮ.

"ಎಲ್ಲಾ ಒಂದೇ ಥರ ಬಟ್ಟೆ ಹಾಕ್ಕೊಂಡ್ ಬಂದಿದೀರಲ್ಲ, ಎಷ್ಟ್ ಚೆಂದ! ಗುಬ್ಬಿಯೋರಾ? ಬಿಸ್ಲಲ್ಲಿ ಯಾಕ್ ನಿಂತಿದೀರಾ? ಪಂಕ್ತಿ ಕೂರ್ತಾ ಐತೆ, ಬನ್ನಿ ಬನ್ನಿ."

"ಅಲ್ಲಮ್ಮ, ನಾವು..."

"ಅವೆಲ್ಲ ಆಮೇಲೆ. ಉಂಡು ಮಾತಾಡಾನ."

ಫಲಕಗಳನ್ನು ಚಪ್ಪಲಿಗಳ ರಾಶಿಯ ಪಕ್ಕ ಗೋಡೆಗೆ ಒರಗಿಸಿ, ಗಡಿಯಾರವನ್ನು ಅಜ್ಜಿಯ ಕೈಗೆ ಕೊಟ್ಟು, ಇಪ್ಪತ್ತೆರಡು ಜನ ಪ್ರತಿಭಟನಕಾರರು ಕೈ ತೊಳೆದು ಸಾಲಾಗಿ ಕೂತರು.

ಎಲೆ ಬಂತು. ಉಪ್ಪು, ಕೋಸಂಬರಿ, ಹುರುಳಿಕಾಯಿ ಪಲ್ಯ, ಚಿತ್ರಾನ್ನ. ಆಮೇಲೆ ತುಪ್ಪ ಸುರಿದ ಒಬ್ಬಟ್ಟು. ಬೆಳಗ್ಗೆ ಇಡ್ಲಿಯನ್ನೂ ಸರಿಯಾಗಿ ತಿನ್ನದೆ ಹೊರಟಿದ್ದ ಪ್ರೇಮಲತಾ ಒಬ್ಬಟ್ಟು ಮುರಿದು ಬಾಯಿಗಿಟ್ಟಳು. ಎರಡನೆಯ ತುತ್ತಿಗೆ ಅವಳಿಗೆ ಅರಿವಾಯಿತು. ಇನ್ನು ಕೂಗುವುದು ಹೇಗೆ? ಈ ಮನೆಯ ಒಬ್ಬಟ್ಟು ತಿಂದ ಬಾಯಲ್ಲಿ ಈ ಮನೆಯ ಗೇಟಿನ ಮುಂದೆ ಧಿಕ್ಕಾರ ಎನ್ನುವುದು ಹೇಗೆ? ಎದುರು ಸಾಲಿನಲ್ಲಿ ಶಿವರಾಮಯ್ಯ ಒಬ್ಬಟ್ಟು ಮುರಿಯುತ್ತ ತಲೆ ತಗ್ಗಿಸಿದ್ದರು. ಅವರಿಗೂ ಅದೇ ಹೊಳೆದಿರಬೇಕು.

ಅವಳು ಪಕ್ಕಕ್ಕೆ ತಿರುಗಿದಳು. ಮಹಾಲಿಂಗಯ್ಯ ಎಲೆಗೆ ನೀರು ಚಿಮುಕಿಸಿ ಒರೆಸಿ, ಬಡಿಸಿದ್ದನ್ನೆಲ್ಲ ಬಡಿಸಿಕೊಂಡು, ಎರಡು ಕೈಯನ್ನೂ ತೊಡೆಯ ಮೇಲಿಟ್ಟು ಕೂತಿದ್ದರು. ಮೊದಲು ಶಿವಪೂಜೆಯ ಧ್ಯಾನ ಇರಬೇಕು ಎಂದುಕೊಂಡಳು. ಅನ್ನ ಬಂತು, ಒಬ್ಬಟ್ಟಿನ ಸಾರು ಬಂತು. ಅವರ ಎಲೆಯ ಮೇಲೆ ಒಂದೊಂದಾಗಿ ಎಲ್ಲವೂ ಕೂತವು. ಕೈ ಮಾತ್ರ ತೊಡೆಯ ಮೇಲೆಯೇ.

"ಮಾಲಿಂಗಣ್ಣ, ಯಾಕ್ ಊಟ ಮಾಡ್ತಿಲ್ಲ?"

"ನೀನು ಉಣ್ಣವ್ವ. ನಂಗೆ ಕೇಳೋದೊಂದೈತೆ."

ಪಂಕ್ತಿಯಲ್ಲಿ ಒಬ್ಬರ ಊಟ ಮುಗಿಯದೆ ಉಳಿದವರು ಏಳುವಂತಿಲ್ಲ. ನೂರು ಜನರ ಸಾಲು ಮಜ್ಜಿಗೆ ಅನ್ನವನ್ನೂ ಮುಗಿಸಿ, ಎಲೆ ಮಡಚದೆ ಕಾದು ಕೂತಿತು. ಮುಂದಿನ ಪಂಕ್ತಿಯವರು ಬೆನ್ನ ಹಿಂದೆ ಕುರ್ಚಿ ಹಿಡಿದು ನಿಂತರು. ಬಡಿಸುವವರು ಪಿಸುಗುಟ್ಟಿದರು. ಯಾರೋ, "ಷುಗರ್ ಇರಬೇಕು ಪಾಪ" ಎಂದರು. ಸುದ್ದಿ ಒಳಗೆ ಹೋಗಿ ದೊಡ್ಡಗಂಗಮ್ಮ ಬಂದರು.

"ಯಾಕಣ್ಣ, ಮುಟ್ಟೇ ಇಲ್ಲ? ಉಪ್ಪು ಖಾರ ಹೆಚ್ಚುಕಮ್ಮಿ ಆಗೈತಾ?"

ಮಹಾಲಿಂಗಯ್ಯ ಕೈ ಮುಗಿದರು. "ಊಟಕ್ಕೆ ಹೆಸರಿಡಂಗಿಲ್ಲ ತಾಯಿ. ಆದ್ರೆ ನಿಮ್ಮನೆ ಅನ್ನ ಉಂಡ್ಮೇಲೆ ನಿಮ್ಮ ಮಗನ ಎದ್ರಿಗೆ ನಿಂತು ಮಾತಾಡಕ್ಕೆ ನಂಗೆ ಬಾಯಿ ಬರಲ್ಲ. ಅದಕ್ಕೇ ಮೊದ್ಲು ಕೇಳ್ಬುಡ್ತೀನಿ. ಅವ್ರನ್ನ ಒಸಿ ಕರೀರಿ."

ಅವರ ದನಿ ಏರಿರಲಿಲ್ಲ. ಆದರೂ ಸಾಲಿನ ತುದಿಯವರೆಗೂ ಕೇಳಿಸಿತು. ಪ್ರೇಮಲತಾ ತನ್ನ ಖಾಲಿ ಎಲೆಯನ್ನು ನೋಡಿಕೊಂಡಳು. ತಾವು ಇಪ್ಪತ್ತೊಂದು ಜನ ಮರೆತದ್ದನ್ನು ಈ ಪಂಕ್ಚರ್ ಅಂಗಡಿಯ ಮನುಷ್ಯ, ಹಸಿದ ಹೊಟ್ಟೆಯಲ್ಲಿ, ತುಪ್ಪದ ವಾಸನೆಯ ಮುಂದೆ ನೆನಪಿಟ್ಟುಕೊಂಡಿದ್ದರು.

ನಾಗಭೂಷಣ್ ರೇಷ್ಮೆ ಪಂಚೆಯಲ್ಲಿ ಬಂದರು. ನೀಲಿ ಅಂಗಿಗಳನ್ನು ಕಂಡು ವಿಷಯ ತಿಳಿಯಿತು. ನೂರಾರು ನೆಂಟರ ಎದುರು ನಗಲೇಬೇಕಾಗಿ ನಕ್ಕರು.

"ಏನ್ ಯಜಮಾನ್ರೇ, ಏನಾಗ್ಬೇಕಿತ್ತು?"

"ಒಂದು ಮ್ಯಾಚು ನೋಡಿ ಸ್ವಾಮಿ. ಈ ತಿಂಗ್ಳು ಕಡೇ ಭಾನುವಾರ ಗುಬ್ಬೀಲಿ ಐತೆ. ಶುರುವಿಂದ, ಎಲ್ಲಾ ಮುಗ್ದು ಜನ ಮನೆಗೆ ಹೋಗೋತನ್ಕ ಕೂತು ನೋಡಿ. ಆಮೇಲೆ ಕ್ಲಬ್ಬನ್ನ ಎಲ್ಲಿಗೆ ಬೇಕಾದ್ರೂ ತಗೊಂಡೋಗಿ. ನಾನು ಮತ್ತೆ ಕೇಳಲ್ಲ."

ಎದುರು ಸಾಲಿನಿಂದ ಶಿವರಾಮಯ್ಯ, "ಏ ಮಾಲಿಂಗ!" ಎಂದು ಎದ್ದೇಬಿಡುತ್ತಿದ್ದರು. ಎಂಜಲು ಕೈ ನೆನಪಾಗಿ ಕೂತರು.

"ಅಷ್ಟೇನಾ?" ನಾಗಭೂಷಣ್ ಅವರ ಮುಖ ಹಗುರಾಯಿತು. "ಅದಕ್ಕೇನಂತೆ. ಬರ್ತೀನಿ."

"ನಿಜವಾಗ್ಲೂ ಹೋಗ್ತೀಯೇನ್ಲಾ?" ಎಂದರು ತಾಯಿ.

"ಹೋಗ್ತೀನಮ್ಮ."

"ನಾನೂ ಬತ್ತೀನಿ. ನೀನು ನಡುವೆ ಎದ್ದು ಬರೋದು ನಂಗೊತ್ತಿಲ್ವಾ? ಈಗ ಉಣ್ಣಣ್ಣ ನೀನು. ಏ, ಬಿಸಿ ಒಬ್ಬಟ್ಟು ತನ್ರೋ!"

ಮಹಾಲಿಂಗಯ್ಯ ಆಗ ಉಂಡರು. ಅವಸರವಿಲ್ಲದೆ, ಒಂದಗುಳೂ ಬಿಡದೆ, ಮೂರು ಒಬ್ಬಟ್ಟು. ನೂರು ಜನ ನೋಡುತ್ತ ಕೂತಿದ್ದರು.

ಟೆಂಪೊದಲ್ಲಿ ಬರುವಾಗ ದೊಡ್ಡ ಜಗಳ. "ಕೇಳಕ್ಕೆ ಸಿಕ್ಕಿದ್ದೇ ಒಂದು ಅವಕಾಶ, ಅದನ್ನ ಒಂದು ಮ್ಯಾಚು ನೋಡಿ ಅನ್ನೋದಕ್ಕೆ ಹಾಳು ಮಾಡ್ಬುಟ್ಟಲ್ಲಯ್ಯ! ನೋಡ್ತಾನೆ, ಆಮೇಲೆ ಕ್ಲಬ್ ಎತ್ಕೊಂಡ್ ಹೋಗ್ತಾನೆ. ನೀನೇ ಪರ್ಮಿಷನ್ ಕೊಟ್ಟಂಗಾಯ್ತು" ಎಂದು ಶಿವರಾಮಯ್ಯ ತುಮಕೂರು ಬರುವವರೆಗೂ ಬೈದರು. ಮಹಾಲಿಂಗಯ್ಯ ಕಿಟಕಿಯಾಚೆ ನೋಡುತ್ತಿದ್ದರು. ಪ್ರೇಮಲತಾಳಿಗೂ ಒಳಗೊಳಗೇ ಅಳುಕು. ಆ ಎಲೆಯ ಮುಂದೆ ಅವರು ಏನು ಕೇಳಿದ್ದರೂ ಆ ತಾಯಿ ಕೊಡಿಸುತ್ತಿದ್ದರಲ್ಲ, ಯಾಕೆ ಇಷ್ಟೇ ಕೇಳಿದರು?

ಕಡೆಯ ಭಾನುವಾರ ಬಂತು. ಎದುರಾಳಿ ತುಮಕೂರು ನಗರದ ಒಂದು ತಂಡ. ಗುಬ್ಬಿಯ ಕೊನೆಯ ಮ್ಯಾಚೆಂದು ಏಳುನೂರು ಜನ ಸೇರಿದ್ದರು. ನಾಗಭೂಷಣ್ ಬಂದರು, ತಾಯಿಯೂ ಬಂದರು, ಜೊತೆಗೆ ಶ್ರೀಕರ. ಅವರಿಗೆಂದು ಹಾಕಿದ್ದ ಸೋಫಾವನ್ನು ದೊಡ್ಡಗಂಗಮ್ಮ ಬೇಡವೆಂದು, ಮಹಾಲಿಂಗಯ್ಯ ಕೂರುವ ಸಿಮೆಂಟ್ ಮೆಟ್ಟಿಲ ಮೇಲೆ ಪಕ್ಕದಲ್ಲೇ ಕೂತರು. ಮಗನೂ ಕೂರಬೇಕಾಯಿತು.

"ಆ ಹುಡುಗ ಯಾಕ್ಲಾ ಒಬ್ನೇ ಅಲ್ಲಿ ನಿಂತವ್ನೆ? ಜಗಳ ಆಡವ್ನಾ?"

"ಅವ್ನು ಗೋಲಿ ತಾಯಿ. ಚೆಂಡು ಒಳಗೆ ಬರ್ದಂಗೆ ಕಾಯ್ತಾನೆ" ಎಂದರು ಮಹಾಲಿಂಗಯ್ಯ.

ಅರ್ಧ ಆಟಕ್ಕೆ ನಾಗಭೂಷಣ್ ವಾಚು ನೋಡಿ ಎದ್ದರು. ತಾಯಿ ಅಂಗಿಯ ಅಂಚು ಹಿಡಿದರು. ಕೂತರು. ಆಟವೇನೂ ಅದ್ಭುತವಾಗಿರಲಿಲ್ಲ. ಗುಬ್ಬಿಯವರು ಒಂದು ಗೋಲು ಹೊಡೆದರು, ಎರಡು ಬಿಟ್ಟುಕೊಟ್ಟು ಸೋತರು. ಕೊನೆಯ ಸೀಟಿ ಕೇಳಿಸಿತು. ಶ್ರೀಕರ ಕಾರಿನ ಕೀ ತೆಗೆದ.

"ಇನ್ನೂ ಮುಗ್ದಿಲ್ಲ" ಎಂದರು ಮಹಾಲಿಂಗಯ್ಯ.

ಏಳುನೂರು ಜನ ಎದ್ದರು. ಗೇಟಿನ ಕಡೆ ಯಾರೂ ಹೋಗಲಿಲ್ಲ. ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ಒಬ್ಬೊಬ್ಬರಾಗಿ ಮೈದಾನಕ್ಕೆ ಇಳಿದರು. ಒಂದು ಕಡೆಯ ಗೋಲಿನ ಹತ್ತಿರ ಉದ್ದಕ್ಕೆ ಸಾಲು ಕಟ್ಟಿದರು. ನಂತರ ಆ ಸಾಲು ಬಗ್ಗಿತು. ಬಗ್ಗಿಕೊಂಡೇ ನಿಧಾನವಾಗಿ ಎದುರಿನ ಗೋಲಿನ ಕಡೆ ಸಾಗತೊಡಗಿತು.

ಗುಬ್ಬಿಯ ಆ ಮೈದಾನದ್ದು ಗರಸು ನೆಲ. ಆಡಿದಾಗಲೆಲ್ಲ ಅಡಿಯ ಕಲ್ಲು ಮೇಲೇಳುತ್ತದೆ, ಬಿದ್ದವರ ಮಂಡಿ ಸೀಳುತ್ತದೆ. ಅದಕ್ಕೇ ಗೆದ್ದರೂ ಸೋತರೂ ಮ್ಯಾಚು ಮುಗಿದ ಮೇಲೆ ನೋಡಲು ಬಂದವರೆಲ್ಲ ಇಳಿದು ಕಲ್ಲು ಆಯುತ್ತಾರೆ. ಯಾರು ಶುರು ಮಾಡಿದರೆಂದು ಯಾರಿಗೂ ನೆನಪಿಲ್ಲ, ಯಾರೂ ಕರೆಯುವುದಿಲ್ಲ. ಚೇಳೂರಿನಿಂದ ಬಸ್ಸಿನಲ್ಲಿ ಬಂದವರೂ ಆಯ್ದೇ ಬಸ್ಸು ಹತ್ತುತ್ತಾರೆ. ಪ್ರೇಮಲತಾ ಚಡ್ಡಿ ಹಾಕುವ ವಯಸ್ಸಿನಿಂದ ಆಯ್ದಿದ್ದಾಳೆ. ಹಲ್ಲುಜ್ಜುವ ಹಾಗೆ ಮಾಡುವ ಕೆಲಸ. ಹನ್ನೊಂದು ಪತ್ರಗಳಲ್ಲಿ ಒಂದರಲ್ಲೂ ಇದನ್ನು ಬರೆಯಬೇಕೆಂದು ಅವಳಿಗೆ ತೋಚಿರಲಿಲ್ಲ. ಅರ್ಧಕ್ಕೇ ಎದ್ದು ಹೋಗುತ್ತಿದ್ದ ಯಜಮಾನರು ಇದನ್ನು ಒಮ್ಮೆಯೂ ಕಂಡಿರಲಿಲ್ಲ. ಎಲ್ಲಾ ಮುಗಿಯುವತನಕ ಕೂರಿ ಎಂದು ಮಹಾಲಿಂಗಯ್ಯ ಕೇಳಿದ್ದು ಏಕೆಂದು ಅವಳಿಗೆ ಈಗ ತಿಳಿಯಿತು. ಅವಳು ಇಳಿಯುವುದನ್ನೂ ಮರೆತು ಮೆಟ್ಟಿಲ ಮೇಲೆಯೇ ನಿಂತಳು. ಮೊದಲ ಸಲ ಅದನ್ನು ಮೇಲಿನಿಂದ ನೋಡಿದಳು. ಇಳಿಬಿಸಿಲಲ್ಲಿ ಏಳುನೂರು ಬಗ್ಗಿದ ಬೆನ್ನುಗಳು, ಸೆರಗಿನಲ್ಲಿ, ಟವೆಲ್ಲಿನಲ್ಲಿ, ಟೋಪಿಯಲ್ಲಿ ಬೀಳುವ ಕಲ್ಲಿನ ಸಣ್ಣ ಸದ್ದು. ನಾಳೆಯಿಂದ ತಮ್ಮದಲ್ಲದ ನೆಲವನ್ನು, ಸೋತ ಸಂಜೆಯಲ್ಲಿ, ಅಷ್ಟು ಜನ ಮಾತಿಲ್ಲದೆ ಆಯುತ್ತಿದ್ದರು. ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತಿಗೆ ಬರುವ ಅದೇ ನಡುಕ ಅವಳ ಎದೆಗೆ ಬಂತು. ಕೈಗಳು ತಾವಾಗಿಯೇ ಜೋಡಿಯಾದವು.

"ಏನ್ ಮಾಡ್ತಾ ಇದಾರೆ ಇವರೆಲ್ಲ?" ನಾಗಭೂಷಣ್ ಕೇಳಿದರು.

ಉತ್ತರ ಕೊಟ್ಟವರು ದೊಡ್ಡಗಂಗಮ್ಮ. "ಹೊಲ ಆಯ್ದಂಗೆ ಆಯ್ತಾವ್ರೆ ಕಣ್ಲಾ. ನಾನೂ ನಿಮ್ಮಪ್ಪನೂ ರಾಗಿ ಹೊಲಾನ ಹಿಂಗೇ ಅಲ್ವಾ ಮಾಡಿದ್ದು?" ಹೇಳುತ್ತಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದೇಬಿಟ್ಟರು.

ಮಗ ಒಂದು ಗಳಿಗೆ ನಿಂತರು. ಆಮೇಲೆ ಷೂ ಬಿಚ್ಚಿದರು.

ಹತ್ತು ನಿಮಿಷದ ನಂತರ ಒಂದು ಹಿಡಿ ಕಲ್ಲು ಹಿಡಿದು ಮಹಾಲಿಂಗಯ್ಯನ ಹತ್ತಿರ ಬಂದರು. "ಇದನ್ನ ಅವತ್ತು ಮನೇಲೇ ಹೇಳ್ಬೋದಿತ್ತಲ್ಲ ಯಜಮಾನ್ರೇ?"

"ಹೇಳಿದ್ರೆ ನೀವು ಕಲ್ಲಾಯೋಕೆ ಮಷೀನ್ ಕಳಿಸ್ತಿದ್ರಿ" ಎಂದರು ಮಹಾಲಿಂಗಯ್ಯ.

ಆಮೇಲೆ ಮೂರು ವಾರ ಏನೂ ತಿಳಿಯಲಿಲ್ಲ. ಶಿವರಾಮಯ್ಯ ಹನ್ನೆರಡನೆಯ ಪತ್ರ ಬರೆಸಿ ಎಲ್ಲರ ಸಹಿ ಹಾಕಿಸಿದರು. ಮಹಾಲಿಂಗಯ್ಯ ಮಾತ್ರ ಪೆನ್ನು ಮುಟ್ಟಲಿಲ್ಲ. "ಮತ್ತೆ ಕೇಳಲ್ಲ ಅಂದಿದೀನಿ" ಎಂದರು. ಆ ಮೂರು ವಾರದಲ್ಲಿ ಅವರು ಸೊರಗಿದ್ದು ಪ್ರೇಮಲತಾಳಿಗೆ ಕಾಣುತ್ತಿತ್ತು. ಭಾನುವಾರವೂ ಅಂಗಡಿ ತೆರೆದು, ಗಿರಾಕಿ ಇಲ್ಲದಿದ್ದರೂ ಸುಮ್ಮನೆ ಕೂರುತ್ತಿದ್ದರು.

ಒಂದು ಗುರುವಾರ ಬೆಳಗ್ಗೆ ಶ್ರೀಕರನಿಂದ ಪತ್ರ ಬಂತು. ಅವಳು ಲ್ಯಾಬಿಗೆ ಹೋಗುವ ಬಸ್ಸು ಬಿಟ್ಟು, ಶಿವರಾಮಯ್ಯನವರ ಜೊತೆ ಸೈಕಲ್ ಅಂಗಡಿಗೆ ಹೋಗಿ ಓದಿದಳು. ಕುಣಿಗಲ್ಲಿಗೆ ಹೋಗುವುದನ್ನು ಒಂದು ವರ್ಷದ ಮಟ್ಟಿಗೆ ಮುಂದೂಡಲಾಗಿದೆ, ಮುಂದಿನ ಹದಿಮೂರು ಪಂದ್ಯಗಳು ಗುಬ್ಬಿಯಲ್ಲೇ ನಡೆಯಲಿವೆ, ಎಂದಿತ್ತು ಅದರಲ್ಲಿ.

"ಒಂದು ವರ್ಷ ಅಂತೆ! ಭಿಕ್ಷೆ ಹಾಕವ್ನೆ" ಶಿವರಾಮಯ್ಯ ಕೆಂಪಾದರು. "ಹೆಸರು ಇನ್ನೂ ರಾಯಲ್ಸೇ. ಅಂಗಿ ಇನ್ನೂ ಅದೇ ಹಳದಿ ಬಣ್ಣ. ಕೋಚ್ ವಿಷಯ ಒಂದಕ್ಷರ ಇಲ್ಲ. ಇವತ್ತೇ ಬರಿಯಮ್ಮ ಹದಿಮೂರನೇದು."

ಪ್ರೇಮಲತಾಳಿಗೂ ಮೋಸ ಹೋದ ಹಾಗೆಯೇ ಅನ್ನಿಸಿತ್ತು. ಆದರೆ ಮಹಾಲಿಂಗಯ್ಯ ಬಾಂಡ್ಲಿಯಿಂದ ಒದ್ದೆ ಕೈ ಎತ್ತಿ ಹಾಗೆಯೇ ಹಿಡಿದುಕೊಂಡಿದ್ದರು.

"ಇನ್ನೊಂದ್ ಸಲ ಓದವ್ವ."

ಓದಿದಳು.

"ಹದಿಮೂರು ಅಂತ ಬರ್ದಿದಾರಾ? ಇಲ್ಲೇ?"

"ಹೂಂ, ಮಾಲಿಂಗಣ್ಣ. ಇಲ್ಲೇ."

"ಹದಿಮೂರು ಮ್ಯಾಚು!" ಎಂದರು ಅವರು. ಊರಿಗೇ ಹೊಳೆ ಹರಿದು ಬಂದಂತಿತ್ತು ಆ ದನಿ. ಬೆರಳು ಮಡಚಿ ಎಣಿಸಲು ಹೊರಟು, ಐದಕ್ಕೇ ನಿಲ್ಲಿಸಿ, ನೀರು ತೊಟ್ಟಿಕ್ಕುವ ಕೈಯಿಂದಲೇ ಕಣ್ಣೊರೆಸಿಕೊಂಡರು.

ಶಿವರಾಮಯ್ಯ ಪಕ್ಕದಲ್ಲಿದ್ದ ಸ್ಟೂಲ್ ಎಳೆದು ಕೂತರು.

"ನೋಡಮ್ಮ ಲತಾ," ಎಂದರು, "ಈ ಮನುಷ್ಯನ ಮುಂದೆ ನೆಟ್ಟಗೆ ಸಿಟ್ಟು ಮಾಡ್ಕಳ್ಳಕ್ಕೂ ಆಗಲ್ಲ. ಪತ್ರ ನಾಳೆ ಬರಿ."